ಒಂದು ಗೀರೂ ಬೀಳದ ಮಿಷಿನ್ನುಗಳು

ನಮ್ಮಪ್ಪ ಜವರಪ್ಪನಿಗೆ ಸರ್ಕಾರಿ ಸಾಮಾನು ಅಂದರೆ ಹಸುಗೂಸು ಇದ್ದ ಹಾಗೆ. ಎತ್ತಿಕೊಳ್ಳಲೂ ಭಯ, ಕೆಳಗಿಡಲೂ ಭಯ. ಬೇಲೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿ ತಲೆಗೂದಲು ಬೆಳ್ಳಗಾಗುವವರೆಗೆ ದುಡಿದವರು ಅವರು. ಬೆಲ್ಲು ಹೊಡೆಯುವುದು, ನೀರು ತುಂಬಿಸುವುದು ಇವೆಲ್ಲ ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ. ಕೆಲಸ ಅಂದರೆ ಸ್ಟಾಕ್ ರೂಮಿನ ಬೀಗದ ಕೈ. ವರ್ಷದ ಕೊನೆಗೆ ಸಾಹೇಬರೊಬ್ಬರು ಬಂದು ಬೆಂಚು, ಬಕೆಟ್ಟು, ನಕಾಶೆಗಳನ್ನೆಲ್ಲ ನೋಡಿ "ಸರಿ" ಎಂದು ಹೊರಟರೆ ಸಾಕು, ಅವತ್ತು ಸಂಜೆ ಅಪ್ಪ ಬೇಲೂರಿನಿಂದ ಮೈಸೂರುಪಾಕು ತರುತ್ತಿದ್ದರು. ಚಿಕ್ಕವರಾಗಿದ್ದಾಗ ನಾವು ಯುಗಾದಿಯ ಹೋಳಿಗೆಗಿಂತ ಹೆಚ್ಚಾಗಿ ಸ್ಟಾಕ್ ಚೆಕಿಂಗಿನ ಮೈಸೂರುಪಾಕಿಗೆ ಕಾಯುತ್ತಿದ್ದೆವು.

ಇಂಥವರ ಕೈಗೆ ಸರ್ಕಾರ ಮೂರು ಹೊಸ ಹೊಲಿಗೆ ಮಿಷಿನ್ನು ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ತೊಂಬತ್ತೆಂಟನೇ ಇಸವಿಯ ಮಾತು. ಗೆಂಡೆಹಳ್ಳಿಯಲ್ಲಿ ಬಸ್ಸಿಳಿದು ಕೆರೆ ಏರಿ ಹಿಡಿದು ನಡೆದರೆ ನಮ್ಮೂರು, ಊರು ದಾಟಿದರೆ ನಮ್ಮ ಕಾಲೋನಿ. ಕಾಲೋನಿಯಲ್ಲಿ ಭೀಮಜ್ಯೋತಿ ಯುವಕ ಸಂಘ ಅಂತ ಒಂದಿತ್ತು. ಅದಕ್ಕೆ ನನ್ನ ಅಣ್ಣ ಪುಟ್ಟರಾಜು ಕಾರ್ಯದರ್ಶಿ. ಅದಕ್ಕೆ ಅಂಟಿಕೊಂಡೇ ನಾವೊಂದಷ್ಟು ಹುಡುಗಿಯರು ಯುವತಿ ಮಂಡಳಿ ಅಂತ ಮಾಡಿಕೊಂಡಿದ್ದೆವು. ಸಂಘದ ಆಸ್ತಿ ಅಂದರೆ ಒಂದು ಕೋಣೆ, ಅದರೊಳಗೆ ಒಂದು ಬೀರು, ಒಂದು ಟೇಬಲ್ಲು, ಗೋಡೆಯ ಮೇಲೆ ಬುದ್ಧನದೂ ಬಾಬಾಸಾಹೇಬರದೂ ಫೋಟೋ, ಬೆಳಿಗ್ಗೆ ಗಾಳಿ ತುಂಬಿದರೆ ಸಂಜೆಯೊಳಗೆ ಸುಸ್ತಾಗುವ ಒಂದು ವಾಲಿಬಾಲು. ಯುವಕ ಸಂಘಗಳಿಗೆ ಸರ್ಕಾರದ ಅನುದಾನ ಇದೆ ಎಂದು ಪೇಪರಿನಲ್ಲಿ ಓದಿದ್ದೇ ಪುಟ್ಟರಾಜು ಹಾಸನಕ್ಕೆ ಅಲೆಯತೊಡಗಿದ. ಅಲೆದು ಅಲೆದು ಚಪ್ಪಲಿ ಸವೆಸಿದ ಮೇಲೆ ಮಂಜೂರಾಯಿತು. ಹುಡುಗಿಯರ ಹೊಲಿಗೆ ತರಬೇತಿಗೆ ಕಾಲಿನಲ್ಲಿ ತುಳಿಯುವ ಮೂರು ಮಿಷಿನ್ನು, ಕಲಿಸುವವರಿಗೆ ಒಂದಿಷ್ಟು ಗೌರವಧನ, ಹುಡುಗರಿಗೆ ಹೊಸ ಚೆಂಡು ಮತ್ತು ನೆಟ್ಟು. ಮೊದಲು ಒಂದು ವರ್ಷ. ಆಮೇಲೆ ಸಾಹೇಬರು ಬಂದು ನೋಡುತ್ತಾರೆ. ಕೆಲಸ ನಡೆದಿದ್ದರೆ ತರಬೇತಿ ಮುಂದುವರಿಯುತ್ತದೆ, ನಡೆಯದಿದ್ದರೆ ಮಿಷಿನ್ನುಗಳು ಇನ್ನೊಂದು ಸಂಘಕ್ಕೆ ಹೋಗುತ್ತವೆ. ಕಲಿಸುವವಳು ನಾನು, ಮಂಜುಳಾ. ಬೇಲೂರಿನಲ್ಲಿ ಟೈಲರ್ ಒಬ್ಬರ ಹತ್ತಿರ ಕಲಿತು ಬಂದಿದ್ದೆ. ಬಾಯಿ ಸ್ವಲ್ಪ ಜೋರು, ಈಗಲೂ ಹಾಗೇ.

ಮಿಷಿನ್ನುಗಳು ಲಗೇಜು ಆಟೋದಲ್ಲಿ ಬಂದಿಳಿದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಕಪ್ಪಗೆ ಮಿನುಗುವ ಮೈ, ಅದರ ಮೇಲೆ ಬಂಗಾರದ ಬಣ್ಣದ ಹೂಬಳ್ಳಿ. ಕೈ ಒರೆಸಿಕೊಂಡು ಮೆಲ್ಲಗೆ ಒಂದು ಸಲ ಸವರಿದರು.

"ನಮ್ ಹೆಸ್ರಿಗೇ ಬಂದೈತೆ ಕಣವ್ವ," ಅಂದರು.

ಅಷ್ಟೇ. ಅವತ್ತು ಸಂಜೆಯೇ ಅವುಗಳ ಮೇಲೆ ಹಳೇ ಬೆಡ್‌ಶೀಟು ಬಿತ್ತು, ಕೋಣೆಗೆ ಬೀಗ ಬಿತ್ತು, ಬೀಗದ ಕೈ ಅಪ್ಪನ ಉಡಿದಾರಕ್ಕೆ ಬಿತ್ತು.

"ಇದೇನಪ್ಪ, ಹುಡ್ಗೀರು ನಾಳೆಯಿಂದ ಬತ್ತಾರೆ," ಅಂದೆ.

"ಬರ್ಲಿ. ಏನೂ ಬರ್ದೇ ಇರೋರು ಹೊಸ ಮಿಷಿನ್ ಮೇಲೆ ಕುಂತ್ರೆ ಅದು ಉಳೀತದಾ? ಮೊದ್ಲು ನಿಮ್ಮವ್ವನ ಕೈ ಮಿಷಿನ್ನಲ್ಲಿ ಕಲೀಲಿ. ಕೈ ಕುದುರ್ಲಿ, ಆಮೇಲೆ ನೋಡಾಣ."

ಹೀಗೆ ಸರ್ಕಾರದ ಹೊಲಿಗೆ ತರಬೇತಿ ನಮ್ಮ ಮನೆಯ ಜಗಲಿಯ ಮೇಲೆ, ಅವ್ವನ ಹಳೇ ಕೈ ಮಿಷಿನ್ನಿನಲ್ಲಿ ಶುರುವಾಯಿತು. ಒಬ್ಬಳು ಚಕ್ರ ತಿರುಗಿಸಿ ಹೊಲಿಯುವಾಗ ಉಳಿದವರು ಕಾಜ ಮಾಡುತ್ತ, ಗುಂಡಿ ಹಾಕುತ್ತ, ಪೇಪರು ಕತ್ತರಿಸುತ್ತ ಸರದಿಗೆ ಕಾಯುತ್ತಿದ್ದರು. ಆದರೂ ಕಲಿತರು. ಲಂಗ ಬಂತು, ರವಿಕೆ ಬಂತು, ಅಂಗನವಾಡಿ ಮಕ್ಕಳ ಚಡ್ಡಿ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಯಿಂದ ಹೊರಗೆ ಮುಖ ತೋರಿಸದೆ ಕೂತಿದ್ದ ಲತಾಮಣಿ ಎಲ್ಲರಿಗಿಂತ ಮುಂದೆ ಹೋದಳು. ಅವಳು ಹೊಲಿದ ರವಿಕೆ ಹಾಕಿಕೊಂಡು ಅವಳವ್ವ ಸಂತೆಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ "ನನ್ ಮಗ್ಳೇ ಹೊಲ್ದಿದ್ದು" ಎಂದು ಹೇಳಿ ಬಂದಿದ್ದಳು.

ಕಲಿಯುವಾಗ ಸೂಜಿ ಮುರಿಯದೆ ಇರುತ್ತದೆಯೇ? ಅವ್ವನ ಮಿಷಿನ್ನಿನಲ್ಲಿ ಮುರಿದ ಸೂಜಿಗಳಿಗೆ ಅಪ್ಪ ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ಬೇಲೂರಿಗೆ ಹೋದಾಗ ತಾವೇ ತಂದುಕೊಡುತ್ತಿದ್ದರು. ಅದು ನಮ್ಮದು. ಸರ್ಕಾರದ್ದು ಮಾತ್ರ ಬೇರೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ನಮಗೆ ಹಲ್ಲೂ ಇತ್ತು, ಕಡಲೆಯೂ ಇತ್ತು, ಡಬ್ಬಕ್ಕೆ ಮಾತ್ರ ಬೀಗ. ಪುಟ್ಟರಾಜುವಿನ ಪಾಡೂ ಅದೇ. ಹೊಸ ಚೆಂಡು ಅದೇ ಕೋಣೆಯ ಬೀರುವಿನ ಮೇಲೆ ಕೂತು ಕೆಳಗೆ ನೋಡುತ್ತಿತ್ತು, ಹುಡುಗರು ಹಳೇ ಚೆಂಡಿಗೆ ಪಂಕ್ಚರ್ ಹಾಕಿಸಿ ಆಡುತ್ತಿದ್ದರು. ನೀನು ಕಾರ್ಯದರ್ಶಿ ಕಣೋ, ಬೀಗದ ಕೈ ಇಸ್ಕೋ ಎಂದು ನಾನು ಅಂದರೆ "ನೀನೇ ಕೇಳೇ" ಎನ್ನುತ್ತಿದ್ದ. ಹಾಸನದ ಆಫೀಸಿನಲ್ಲಿ ಹುಲಿ, ಅಪ್ಪನ ಮುಂದೆ ಇಲಿ.

ನಾನು ಕೇಳಿಯೂ ಕೇಳಿದೆ, ಜಗಳವೂ ಆಡಿದೆ. ಒಂದು ದಿನ ಸಿಟ್ಟು ನೆತ್ತಿಗೇರಿ, ಬೀಗ ಒಡೆಯುತ್ತೇನೆ ಎಂದು ಕಲ್ಲು ಎತ್ತಿಕೊಂಡು ಹೊರಟೆ. ಆಗ ಅವ್ವ ಮುತ್ತಮ್ಮ ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ನಿಮ್ಮಪ್ಪನ್ನ ಬಯ್ಬ್ಯಾಡ ಕಣೇ," ಅಂದಳು. "ನೀನಿನ್ನೂ ತೊಟ್ಲಲ್ಲಿದ್ದೆ. ಸ್ಕೂಲ್ನಾಗೆ ಒಂದು ಗ್ಲೋಬ್ ಇತ್ತಂತೆ, ಭೂಮಿ ಥರ ತಿರ್ಗದು. ಒಬ್ರು ಮೇಷ್ಟ್ರು ಮೊಣ್ಕೈ ತಗ್ಲಿಸಿ ಬೀಳಿಸ್ಬುಟ್ರಂತೆ. ಚೆಕಿಂಗ್ ದಿವ್ಸ ಸಾಹೇಬ್ರು ಕೇಳಿದ್ರೆ ಆ ಮೇಷ್ಟ್ರು ತಮ್ ತಪ್ಪಂತ ಒಪ್ಲಿಲ್ಲ. ಅಟೆಂಡರ್ ಕೈಲಿತ್ತು ಅಂದ್ಬುಟ್ರು. ಆ ಸಾಹೇಬ್ರು ಎಲ್ರ ಮುಂದೆ, 'ಇವ್ರ ಕೈಗೆ ಕೊಟ್ರೆ ಇಷ್ಟೇ' ಅಂದ್ರಂತೆ. ಅವತ್ತು ಮನೆಗ್ ಬಂದು ಉಣ್ಲಿಲ್ಲ ನಿಮ್ಮಪ್ಪ. ನಮ್ ಜನಾನೆಲ್ಲ ಸೇರ್ಸಿ ಇವ್ರ ಕೈಗೆ ಅಂದ್ರಲ್ಲ, ನನ್ ಕೈಗೆ ಅಂದಿದ್ರೆ ಸುಮ್ಕಿರ್ತಿದ್ದೆ ಅಂತ ಅದನ್ನೇ ಹೇಳ್ತಿದ್ರು."

ಕೈಯಲ್ಲಿದ್ದ ಕಲ್ಲನ್ನು ಅಲ್ಲೇ ಬಿಟ್ಟೆ. ಸಿಟ್ಟು ಹೋಯಿತು ಅಂತಲ್ಲ, ಹೊಟ್ಟೆಯೊಳಗೆ ಇದ್ದೇ ಇತ್ತು. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಸಂಕಟವೂ ಬಂದು ಕೂತಿತು, ಎರಡಕ್ಕೂ ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಬೀಗದ ಕೈ ಕೇಳುವುದನ್ನು ಬಿಟ್ಟುಬಿಟ್ಟೆ.

ವರ್ಷ ತುಂಬಿತು. ಸಾಹೇಬರು ಬರುವ ಸುದ್ದಿ ಪುಟ್ಟರಾಜುವಿಗೆ ಬಂತು. ಅಪ್ಪನ ಸಂಭ್ರಮ ಏನು ಕೇಳುತ್ತೀರಿ. ಕೋಣೆಗೆ ಸುಣ್ಣ ಬಳಿದರು. ಮಿಷಿನ್ನುಗಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಸಾಲಾಗಿ ನಿಲ್ಲಿಸಿದರು. ಫೋಟೋಗಳಿಗೆ ಸೇವಂತಿಗೆ ಹಾರ ಹಾಕಿದರು. ಚೆಂಡನ್ನು ಕೆಳಗಿಳಿಸಿ ಟೇಬಲ್ಲಿನ ಮೇಲೆ ಉರುಳದ ಹಾಗೆ ಬಟ್ಟೆ ಸುತ್ತಿ ಸಿಂಬಿ ಮಾಡಿ ಕೂರಿಸಿದರು. ಆಮೇಲೆ ನನ್ನನ್ನು ಕರೆದು, "ನಾಳೆ ಹುಡ್ಗೀರ್ಗೆ ಬರ್ಬ್ಯಾಡಿ ಅನ್ನು," ಅಂದರು.

"ತರಬೇತಿ ನೋಡಕ್ ಬರೋ ಸಾಹೇಬ್ರಿಗೆ ಖಾಲಿ ರೂಮ್ ತೋರಿಸ್ತೀಯಾ?"

"ಸ್ಟಾಕ್ ಚೆಕಿಂಗ್ ದಿವ್ಸ ಮಕ್ಳಿಗೆ ರಜ ಕಣವ್ವ. ಯಾವತ್ತಿಂದ್ಲೂ ಹಂಗೇ."

ಇದು ಸ್ಟಾಕ್ ಚೆಕಿಂಗ್ ಅಲ್ಲಪ್ಪ ಎಂದು ಹೇಳಿದೆ. ಚೆಕಿಂಗ್‌ನಲ್ಲಿ ಮೂವತ್ತು ವರ್ಷ ಕಳೆದವರಿಗೆ ನಾನು ಹೇಳುವುದೇನಿದೆ? ಸುಮ್ಮನೆ ನಕ್ಕರು. ನಾನು ಹುಡುಗಿಯರಿಗೆ, ಕೋಣೆಯ ಹತ್ತಿರ ಸುಳಿಯಬೇಡಿ, ಎಂದಿನ ಹಾಗೆ ನಮ್ಮ ಜಗಲಿಗೆ ಬನ್ನಿ ಅಂದೆ.

ಸಾಹೇಬರ ಹೆಸರು ಇಂದುಧರ. ಇನ್ನೂ ಚಿಕ್ಕ ವಯಸ್ಸು, ಜೀಪಿನ ಧೂಳಿಗೆ ಕೆಮ್ಮುತ್ತಲೇ ಇಳಿದರು. ಅಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿ ಬಾಗಿಲು ತೆಗೆದು, ಒಂದೊಂದೇ ಬೆಡ್‌ಶೀಟನ್ನು ಮದುಮಗಳ ಸೆರಗು ಸರಿಸಿದಷ್ಟು ಮೆಲ್ಲಗೆ ಸರಿಸಿದರು.

"ನೋಡಿ ಸಾರ್. ಒಂದ್ ಗೀರ್ ಬಿದ್ದಿಲ್ಲ."

ಇಂದುಧರ ಸಾಹೇಬರು ಬಗ್ಗಿ ನೋಡಿದರು. ಚಕ್ರಕ್ಕೆ ಅಂಗಡಿಯವರು ಅಂಟಿಸಿದ್ದ ಕಾಗದ ಹಾಗೇ ಇತ್ತು. ಪೆಡಲ್ಲಿಗೆ ಸುತ್ತಿದ್ದ ಪ್ಲಾಸ್ಟಿಕ್ಕೂ ಹಾಗೇ ಇತ್ತು.

"ಇದರಲ್ಲಿ ಯಾರೂ ಹೊಲಿದೇ ಇಲ್ವಾ?" ಅಂದರು.

"ಹೊಲ್ಯದಾ? ಯಾರ್ನೂ ಮುಟ್ಸಿಲ್ಲ ಸಾರ್," ಅಂದರು ಅಪ್ಪ. ಅವರ ಮುಖ ನೋಡಬೇಕಿತ್ತು ನೀವು. ಮೈಸೂರುಪಾಕಿನ ದಿನದ ಮುಖ ಅದು.

ಪುಟ್ಟರಾಜು ಗೋಡೆಯ ಸುಣ್ಣದ ಹಾಗೆ ಬಿಳಿಚಿಕೊಂಡ. ಸಾಹೇಬರು ಮಿಷಿನ್ನುಗಳನ್ನೂ ಚೆಂಡನ್ನೂ ಮತ್ತೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು. "ನೋಡಿ ಯಜಮಾನ್ರೇ, ಇದು ಹುಡುಗಿಯರು ಕಲೀಲಿ ಅಂತ ಕೊಟ್ಟಿದ್ದು. ಬಿಕ್ಕೋಡಿನ ಕಡೆ ಒಂದು ಸಂಘದವರು ನಮಗೂ ಕೊಡಿ ಅಂತ ತಿರುಗ್ತಾನೇ ಇದ್ದಾರೆ. ಉಪಯೋಗ ಆಗದೆ ಇರೋ ಕಡೆ ಬಿಡೋಕೆ ನನಗೆ ಅಧಿಕಾರ ಇಲ್ಲ. ಮಿಷಿನ್ ಅಲ್ಲಿಗೆ ಕೊಡಬೇಕಾಗುತ್ತೆ."

ಅಪ್ಪನ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು. ಆ ನಗುವಿನಲ್ಲೇ ಕೇಳಿದರು, "ಹೊಸದಾಗೇ ಇಕ್ಕಂಡಿದ್ದು ತಪ್ಪಾ ಸಾರ್?"

ಅಪ್ಪನ ಮೇಲೆ ಒಂದು ವರ್ಷ ಕೂಡಿಟ್ಟ ಸಿಟ್ಟೆಲ್ಲ ನನಗೆ ಆ ಒಂದು ಮಾತಿಗೆ ಕರಗಿಹೋಯಿತು. ಆದರೆ ಕರಗುತ್ತ ನಿಂತರೆ ಮಿಷಿನ್ನು ಜೀಪು ಹತ್ತುತ್ತದಲ್ಲ.

"ಸಾರ್, ತರಬೇತಿ ನಡೆದಿದೆ," ಅಂದೆ. "ಈ ರೂಮಲ್ಲಿ ಅಲ್ಲ, ನಮ್ಮ ಜಗಲಿ ಮೇಲೆ. ಹೊರಡೋಕೆ ಮುಂಚೆ ಒಂದ್ ಸಲ ಬನ್ನಿ."

ಬಂದರು. ಜಗಲಿಯ ಮೇಲೆ ಹುಡುಗಿಯರು, ನಡುವೆ ಅವ್ವನ ಕೈ ಮಿಷಿನ್ನು. ಅವ್ವ ಹಗ್ಗದ ಮೇಲೆ ವರ್ಷದ ಹೊಲಿಗೆಯನ್ನೆಲ್ಲ ಯಾರೂ ಹೇಳದಿದ್ದರೂ ನೇತುಹಾಕಿದ್ದಳು. ಸಾಹೇಬರು ಒಂದು ರವಿಕೆಯ ತೋಳನ್ನು ಒಳಗೆ ಹೊರಗೆ ತಿರುಗಿಸಿ ನೋಡಿದರು. ಹೊಲಿಗೆ ಗೊತ್ತಿದ್ದವರ ಹಾಗೆ ಕಂಡಿತು. ಆಮೇಲೆ ತಿಳಿಯಿತು, ಅವರ ತಾಯಿ ಬಟ್ಟೆ ಹೊಲಿದೇ ಅವರನ್ನು ಓದಿಸಿದ್ದರಂತೆ.

"ಕೆಲಸ ಚೆನ್ನಾಗಿದೆ," ಅಂದರು. "ಆದರೆ ಇದು ಸರ್ಕಾರದ ಮಿಷಿನ್ನಲ್ಲಿ ಹೊಲಿದದ್ದಲ್ಲ. ನಾನು ಏನಂತ ಬರೀಲಿ? ನಿಮ್ಮಲ್ಲಿ ಒಬ್ಬಳು ಬಂದು ಆ ಮಿಷಿನ್ ಮೇಲೆ ಕೂತು ಹೊಲೀಲಿ. ಕಣ್ಣಾರೆ ನೋಡಿ ಬರೀತೀನಿ."

ಎಲ್ಲರೂ ಲತಾಮಣಿಯ ಕಡೆ ನೋಡಿದರು. ನಾನು ಮಾತ್ರ ಅವಳ ಕಾಲಿನ ಕಡೆ ನೋಡಿದೆ. ಲತಾಮಣಿ ಕೈ ಮಿಷಿನ್ನಿನಲ್ಲಿ ಗಟ್ಟಿಗಿತ್ತಿ. ಕಾಲು ಮಿಷಿನ್ನಿನ ಮೇಲೆ ಒಂದು ದಿನವೂ ಕಾಲಿಟ್ಟವಳಲ್ಲ. ಕಾಲು ಮಿಷಿನ್ನು ಮೊದಲ ಸಲ ತುಳಿದವರಿಗೆ ಚಕ್ರ ಹಿಂದಕ್ಕೇ ತಿರುಗುವುದು. ಅದನ್ನು ಮುಂದಕ್ಕೆ ತಿರುಗಿಸಲು ಕಲಿಯುವುದಕ್ಕೇ ದಿನಗಳು ಬೇಕು.

ಮತ್ತೆ ಕೋಣೆಗೆ ಹೋದೆವು. ನಾನು ಎಣ್ಣೆ ಬಿಟ್ಟು, ಬೆಲ್ಟು ಏರಿಸಿ, ದಾರ ಪೋಣಿಸಿದೆ. ಪೆಡಲ್ಲಿನ ಪ್ಲಾಸ್ಟಿಕ್ಕನ್ನು ಅಪ್ಪನೇ ಬಿಚ್ಚಿದರು. ಬಿಚ್ಚಿ, ಮಡಿಸಿ, ಜೇಬಿನಲ್ಲಿ ಇಟ್ಟುಕೊಂಡರು. ಅಭ್ಯಾಸ ಎಲ್ಲಿ ಹೋಗುತ್ತದೆ.

ಲತಾಮಣಿ ಕೂತಳು. ತುಳಿದಳು. ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಹೋಯಿತು. ಮತ್ತೆ ಪೋಣಿಸಿದೆ. ಮತ್ತೆ ತುಳಿದಳು. ಈ ಸಲ ಮುಂದಕ್ಕೆ ತಿರುಗಿದ್ದೇ ಅವಳಿಗೆ ಖುಷಿಯಾಗಿ, ಮಿಷಿನ್ನು ಕಟಕಟನೆ ಓಡಿತು. ಓಟ ಅವಳ ಕೈಗೆ ಸಿಗಲಿಲ್ಲ. ಗಾಬರಿಯಲ್ಲಿ ಬಟ್ಟೆಯನ್ನು ಹಿಡಿದೆಳೆದಳು. ಟಕ್ಕೆಂದು ಸೂಜಿ ಮುರಿಯಿತು.

ಲತಾಮಣಿ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು. ಪರೀಕ್ಷೆಯಲ್ಲಿ ಫೇಲಾದ ದಿನವೂ ಅವಳು ಹೀಗೇ ಕೂತಿದ್ದಳು.

ಅಪ್ಪ ಮುಂದೆ ಬಂದರು. ಮಿಷಿನ್ನಿಗೂ ಸಾಹೇಬರಿಗೂ ನಡುವೆ, ಲತಾಮಣಿ ಕಾಣದ ಹಾಗೆ ಅಡ್ಡ ನಿಂತರು.

"ನಾನ್ ಮುರ್ದಿದ್ದು ಸಾರ್," ಅಂದರು.

ಸಾಹೇಬರು ಅರ್ಥವಾಗದೆ ಅಪ್ಪನ ಮುಖ ನೋಡಿದರು. ಅವರ ಕಣ್ಣೆದುರಿಗೇ ಆದದ್ದಲ್ಲವೇ?

"ಮಗೀದೇನಿಲ್ಲ. ನನ್ ಕೈಲಿತ್ತು ಸಾಮಾನು. ನನ್ ಹೆಸ್ರಿಗೇ ಬರ್ಕಳಿ, ಜವರಪ್ಪ ಅಂತ. ಹುಡ್ಗೀರ ಕೈಗೆ ಕೊಟ್ರೆ ಇಷ್ಟೇ ಅಂತ ಮಾತ್ರ ಬರೀಬ್ಯಾಡಿ ಸಾರ್."

ಕೈ ಕಟ್ಟಿಕೊಂಡು ನಿಂತಿದ್ದರು. ಸ್ಟಾಕ್ ರೂಮಿನ ಬಾಗಿಲಲ್ಲಿ ಆ ದಿನ ಹೇಗೆ ನಿಂತಿದ್ದರೋ ನಾನು ಕಂಡಿಲ್ಲ. ಹೀಗೇ ನಿಂತಿದ್ದಿರಬೇಕು. ಅವತ್ತು ಬೇರೆಯವರ ತಪ್ಪು ಅವರ ತಲೆಯ ಮೇಲೆ ಬಿದ್ದಿತ್ತು. ಇವತ್ತು ತಾವಾಗಿಯೇ ತಲೆಯೊಡ್ಡಿದ್ದರು. ನನಗೆ ಅಳು ಬಂತು, ತಡೆಯಲೂ ಇಲ್ಲ.

ಇಂದುಧರ ಸಾಹೇಬರು ಏನೂ ಬರೆಯಲಿಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಮಿಷಿನ್ನಿನ ಪಕ್ಕದ ಪುಟ್ಟ ಡ್ರಾಯರನ್ನು ಎಳೆದರು. ಒಂದು ವರ್ಷದಿಂದ ಯಾರೂ ಎಳೆಯದ ಡ್ರಾಯರು, ಕಿರುಗುಟ್ಟಿಕೊಂಡು ಬಂತು. ಒಳಗಿದ್ದ ಪೊಟ್ಟಣವನ್ನು ತೆಗೆದು ಅಪ್ಪನ ಅಂಗೈ ಮೇಲಿಟ್ಟರು.

"ಇದೇನು ನೋಡಿ ಯಜಮಾನ್ರೇ."

ಅಪ್ಪ ಬಿಚ್ಚಿ ನೋಡಿದರು. ಹೊಸ ಸೂಜಿಗಳು.

"ಮಿಷಿನ್ ಜೊತೆಗೇ ಕೊಟ್ಟಿರ್ತಾರೆ," ಅಂದರು ಸಾಹೇಬರು. "ಕಲಿಯೋರು ಸೂಜಿ ಮುರೀತಾರೆ ಅಂತ ಕೊಡೋರಿಗೆ ಗೊತ್ತಿರುತ್ತೆ."

"ಮುರೀಲಿ ಅಂತ್ಲೇ ಕೊಟ್ಟವ್ರಾ?"

"ಹೂಂ. ಮುರೀದೆ ಯಾರು ಕಲಿತಾರೆ? ನಮ್ಮಮ್ಮನೂ ಮುರಿದಿದ್ರು."

ಅಪ್ಪ ಪೊಟ್ಟಣದ ಸೂಜಿಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ತಲೆಯೆತ್ತಿ, ಮಗುವಿನ ಹಾಗೆ ಮೆಲ್ಲಗೆ ಕೇಳಿದರು, "ನಮ್ಗೂನಾ ಸಾರ್?"

ಸಾಹೇಬರಿಗೆ ಗ್ಲೋಬಿನ ಕತೆ ಗೊತ್ತಿರಲಿಲ್ಲ. ಆದರೂ ಏನೋ ತಿಳಿದಿರಬೇಕು. ಅವರ ದನಿಯೂ ತಗ್ಗಿತು.

"ನಿಮಗೇ," ಅಂದರು.

ಅಪ್ಪ ಒಂದು ಸೂಜಿ ತೆಗೆದು ಮಿಷಿನ್ನಿಗೆ ಹಾಕಲು ಹೋದರು. ಎಲ್ಲಿ ಸಿಕ್ಕಿಸಬೇಕೆಂದು ಗೊತ್ತಾಗಲಿಲ್ಲ. ನನ್ನ ಕೈಗೆ ಕೊಟ್ಟರು. ನಾನು ಸೂಜಿ ಬಿಗಿದು, ಲತಾಮಣಿಯ ಪಾದದ ಪಕ್ಕದಲ್ಲಿ ನನ್ನ ಪಾದವನ್ನೂ ಪೆಡಲ್ಲಿನ ಮೇಲೆ ಇಟ್ಟೆ. "ಅವಸ್ರ ಬ್ಯಾಡ ಕಣವ್ವ, ಸೂಜಿ ಇನ್ನೂ ಬೇಕಾದಷ್ಟವೆ," ಎಂದು ಹಿಂದಿನಿಂದ ಅಪ್ಪ ಅಂದರು. ಲತಾಮಣಿ ಮೂಗು ಒರೆಸಿಕೊಂಡು ನಕ್ಕಳು. ಇಬ್ಬರೂ ಕೂಡಿ ತುಳಿದೆವು. ಬಟ್ಟೆಯ ಈ ತುದಿಯಿಂದ ಆ ತುದಿಗೆ ಒಂದು ಹೊಲಿಗೆ ಬಿತ್ತು. ಎತ್ತಿನ ಮೂತ್ರದ ಹಾಗೆ ಸೊಟ್ಟಗೆ ಬಿತ್ತು, ಆದರೂ ಬಿತ್ತು.

ತರಬೇತಿ ನಡೆಯುತ್ತಿದೆ ಎಂದು ಬರೆದುಕೊಳ್ಳುತ್ತೇನೆ, ಮೂರು ತಿಂಗಳಿಗೆ ಮತ್ತೆ ಬರುತ್ತೇನೆ ಅಂದರು ಸಾಹೇಬರು. ಹೊರಡಲು ಎದ್ದು ಅಪ್ಪನ ಕಡೆ ತಿರುಗಿ, "ಆಗ ಬಂದಾಗ ಈ ಪೆಡಲ್ಲಿನ ಬಣ್ಣ ಇರಬಾರದು ಯಜಮಾನ್ರೇ, ಇದ್ದರೆ ತಗೊಂಡು ಹೋಗ್ತೀನಿ," ಅಂದರು. ಆಮೇಲೆ ಟೇಬಲ್ಲಿನ ಮೇಲಿದ್ದ ಚೆಂಡನ್ನು ತೋರಿಸಿ ಪುಟ್ಟರಾಜುವಿಗೆ, "ಇದಕ್ಕೂ ಅದೇ ಮಾತು," ಅಂದರು. ಅವನು ಜೀಪು ತಿರುವು ದಾಟುವ ಮೊದಲೇ ಚೆಂಡು ಎತ್ತಿಕೊಂಡು ಓಡಿದ.

ಅವತ್ತು ಮೈಸೂರುಪಾಕು ಬರಲಿಲ್ಲ. ಅಪ್ಪನ ಲೆಕ್ಕದಲ್ಲಿ ಚೆಕಿಂಗ್ ಕೆಟ್ಟಿತ್ತು. ಕೋಣೆಯ ಬಾಗಿಲಿಗೆ ಬೀಗ ಹಾಕದೆ, ಬೀಗದ ಕೈಯನ್ನು ಫೋಟೋದ ಕೆಳಗಿನ ಮೊಳೆಗೆ ನೇತುಹಾಕಿದರು. ಆಮೇಲೆ ನೆಲದ ಮೇಲೆ ಕೂತು, ಕಣ್ಣು ಕಿರಿದು ಮಾಡಿಕೊಂಡು, ಮುರಿದ ಸೂಜಿಯ ತುಂಡುಗಳನ್ನು ಹುಡುಕಿ ಆರಿಸಿಕೊಂಡರು. ಹುಡುಗಿಯರ ಕಾಲಿಗೆ ಚುಚ್ಚೀತೆಂದು ಆರಿಸುತ್ತಿದ್ದಾರೆ ಅಂದುಕೊಂಡೆ ನಾನು.

ಮಾರನೆಯ ದಿನದಿಂದ ಮೂರೂ ಮಿಷಿನ್ನುಗಳ ಸದ್ದು ಕಾಲೋನಿಗೆಲ್ಲ ಕೇಳುತ್ತಿತ್ತು. ಅಪ್ಪ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಮೊದಮೊದಲು ಟಕ್ಕೆಂದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದರು. ಬರುಬರುತ್ತ, "ಯಾವೋಳೇ ಅದು ಮುರ್ದೋಳು, ಇಲ್ಲಿ ಕೊಡು," ಎಂದು ಕೈ ಚಾಚತೊಡಗಿದರು. ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ. ಯಾಕೆ ಕೇಳುತ್ತಾರೆಂದು ನಾವ್ಯಾರೂ ವಿಚಾರಿಸಲಿಲ್ಲ, ವಯಸ್ಸಾದವರ ಚಪಲ ಎಂದು ಕೊಟ್ಟುಬಿಡುತ್ತಿದ್ದೆವು.

ಇಂದುಧರ ಸಾಹೇಬರು ಹೇಳಿದ ಹಾಗೆಯೇ ಬಂದರು. ಪೆಡಲ್ಲಿನ ಬಣ್ಣ ಹೋಗಿ ಕಬ್ಬಿಣ ಕಾಣುತ್ತಿತ್ತು. ಒಂದು ಮಿಷಿನ್ನಿನ ಹೂಬಳ್ಳಿಯ ಮೇಲೆ ಕತ್ತರಿ ಬಿದ್ದು ಉದ್ದಕ್ಕೆ ಗೀರಾಗಿತ್ತು. ಲತಾಮಣಿ ತಲೆಯೆತ್ತದೆ ತುಳಿಯುತ್ತಿದ್ದಳು, ಊರೊಳಗಿನ ಶಿವಯ್ಯ ಎನ್ನುವವರ ಮನೆಯಿಂದ ಹೊಲಿಯಲು ಬಂದ ಬಟ್ಟೆಗಳು ಅವಳ ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಸಾಹೇಬರು ಎಲ್ಲವನ್ನೂ ನೋಡಿದರು. ಹೊರಡಲು ಎದ್ದಾಗ ಅಪ್ಪ "ಒಂದ್ನಿಮಿಷ ಸಾರ್" ಎಂದು ಅಂಗಿಯ ಜೇಬಿಗೆ ಕೈ ಹಾಕಿದರು.

ಹೊರಗೆ ಬಂದದ್ದು ಮಡಿಸಿದ ಒಂದು ಬಟ್ಟೆ. ಲತಾಮಣಿ ಅವತ್ತು ಸೊಟ್ಟಗೆ ಹೊಲಿದ ಬಟ್ಟೆಯೇ ಅದು. ಅಪ್ಪ ಅದನ್ನು ಬಿಚ್ಚಿ ಟೇಬಲ್ಲಿನ ಮೇಲೆ ಹರಡಿದರು. ಆ ಸೊಟ್ಟ ಹೊಲಿಗೆಯ ಉದ್ದಕ್ಕೂ ಮುರಿದ ಸೂಜಿಗಳನ್ನು ಸಾಲಾಗಿ ಚುಚ್ಚಿಟ್ಟಿದ್ದರು.

"ನೋಡಿ ಸಾರ್," ಅಂದರು ಅಪ್ಪ. "ಎಲ್ಲಾ ನಮ್ ಹುಡ್ಗೀರೇ ಮುರ್ದಿದ್ದು. ಒಂದೂ ಕಳ್ದಿಲ್ಲ."

ಸಾಹೇಬರು ಒಂದೊಂದು ಸೂಜಿಯ ಮೇಲೂ ಬೆರಳಾಡಿಸಿ, ಕೊನೆಯವರೆಗೂ ನೋಡಿದರು. ಆಮೇಲೆ "ಸರಿ" ಅಂದರು.

ಅವತ್ತು ಸಂಜೆಯ ಬಸ್ಸಿನಲ್ಲಿ ಅಪ್ಪ ಬೇಲೂರಿನಿಂದ ಮೈಸೂರುಪಾಕು ತಂದು ಮೊದಲ ತುಂಡನ್ನು ಲತಾಮಣಿಯ ಕೈಗೆ ಕೊಟ್ಟರು.